ದಂಡಿನ ಬಂಗಲೆಯಲ್ಲಿ ಓದಿನ ಒಂದು ವರ್ಷ

ವೈಟ್‌ಫೀಲ್ಡಿನ ಹಳಬರು ಹೇಳುವ ಕಥೆಯೊಂದಿದೆ. ವಿನ್‌ಸ್ಟನ್ ಚರ್ಚಿಲ್ ತರುಣನಾಗಿದ್ದಾಗ ಬೆಂಗಳೂರು ದಂಡಿನಿಂದ ಇಲ್ಲಿನ ವೇವರ್ಲಿ ಇನ್ ಎಂಬ ತಂಗುಮನೆಗೆ ಬರುತ್ತಿದ್ದನಂತೆ, ಮಾಲೀಕನ ಮಗಳು ರೋಸ್ ಹ್ಯಾಮಿಲ್ಟನ್ ಮೇಲೆ ಅವನಿಗೆ ಮನಸ್ಸಾಗಿತ್ತಂತೆ. 1882ರಲ್ಲಿ ಮೈಸೂರು ಮಹಾರಾಜ ಚಾಮರಾಜೇಂದ್ರ ಒಡೆಯರು ಕೊಟ್ಟ ಭೂಮಿಯಲ್ಲಿ ಆಂಗ್ಲೋ ಇಂಡಿಯನ್ನರು ಕಟ್ಟಿಕೊಂಡ ಆ ಊರು ಕಂಪ್ಯೂಟರ್ ಕಂಪೆನಿಗಳ ಬೀಡಾದ ಮೇಲೂ ಈ ಅಂತೆಕಂತೆ ಅಳಿದಿಲ್ಲ. ಬೆಂಗಳೂರು ಕ್ಲಬ್ಬಿಗೆ ಆತ ಉಳಿಸಿಹೋದ 13 ರೂಪಾಯಿ ಬಾಕಿಯಂತೂ ಲೋಕಪ್ರಸಿದ್ಧ. ಆದರೆ ಚರ್ಚಿಲ್ ಇಲ್ಲಿ ಮಾಡಿದ ನಿಜವಾದ ದೊಡ್ಡ ಕೆಲಸ ಬೇರೆ. ಅದು ಓದು.

1896ರ ಅಕ್ಟೋಬರಿನಲ್ಲಿ 4ನೇ ಹುಸಾರ್ಸ್ ಅಶ್ವದಳದೊಂದಿಗೆ ದಂಡಿಗೆ ಬಂದಾಗ ಅವನಿಗೆ 21 ವರ್ಷ. ಶಾಲೆಯಲ್ಲಿ ಹೆಸರು ಮಾಡಿದವನಲ್ಲ. ಸೈನಿಕ ಕಾಲೇಜಿಗೆ ಪ್ರವೇಶ ಸಿಕ್ಕಿದ್ದು ಮೂರನೆಯ ಯತ್ನದಲ್ಲಿ. ವಿಶ್ವವಿದ್ಯಾಲಯದ ಮುಖ ಕಂಡಿರಲಿಲ್ಲ. ಬೆಳಗಿನ ಕವಾಯತು ಮುಗಿದರೆ ಸಂಜೆ ಪೋಲೊ ಆಟದವರೆಗೆ ಅಧಿಕಾರಿಗಳಿಗೆ ಕೆಲಸವಿಲ್ಲ. ಉಳಿದವರು ಮಲಗುತ್ತಿದ್ದ ಆ ನಡುಹಗಲನ್ನು ಚರ್ಚಿಲ್ ಪುಸ್ತಕಕ್ಕೆ ಕೊಟ್ಟ. ದಿನಕ್ಕೆ ನಾಲ್ಕೈದು ಗಂಟೆ!

ಲಂಡನ್ನಿನಿಂದ ತಾಯಿ ಹಡಗಿನಲ್ಲಿ ಪುಸ್ತಕದ ಕಟ್ಟುಗಳನ್ನು ಕಳಿಸುತ್ತಿದ್ದಳು. ಮೊದಲು ಗಿಬ್ಬನ್ ಬರೆದ ರೋಮನ್ ಸಾಮ್ರಾಜ್ಯದ ಪತನದ ಇತಿಹಾಸ, ಎಂಟು ಸಂಪುಟ. ನಂತರ ಮೆಕಾಲೆ, ಹನ್ನೆರಡು ಸಂಪುಟ. ಗಿಬ್ಬನ್ 25 ಪುಟ, ಮೆಕಾಲೆ 50 ಪುಟ ಎಂದು ದಿನದ ಲೆಕ್ಕವನ್ನೂ ಇಟ್ಟುಕೊಂಡಿದ್ದ. ಪ್ಲೇಟೊ, ಅರಿಸ್ಟಾಟಲ್, ಶೋಪೆನ್‌ಹೋವರ್, ಮಾಲ್ತಸ್, ಡಾರ್ವಿನ್ ಎಲ್ಲವೂ ಇದೇ ಸುಮಾರಿಗೆ. ಬ್ರಿಟನ್ನಿನ ವರ್ಷವರ್ಷದ ರಾಜಕೀಯ ವರದಿಗಳ ಹಳೆಯ ಸಂಪುಟಗಳನ್ನೂ ತರಿಸಿಕೊಂಡ. ಅವನ್ನು ಓದಿದ ಕ್ರಮ ಸ್ವಾರಸ್ಯಕರವಾಗಿದೆ. ಒಂದು ಮಸೂದೆಯ ಚರ್ಚೆಯನ್ನು ಓದುವ ಮುನ್ನವೇ ಆ ವಿಷಯದಲ್ಲಿ ತನ್ನ ಅಭಿಪ್ರಾಯವನ್ನು ಬರೆದಿಡುವುದು. ಚರ್ಚೆ ಓದಿಯಾದ ಮೇಲೆ ಅದನ್ನು ಮತ್ತೆ ತಿದ್ದುವುದು. ಸಂಸತ್ತನ್ನು ಪ್ರವೇಶಿಸುವ ಮೊದಲೇ ದಂಡಿನ ಬಂಗಲೆಯಲ್ಲಿ ಸಂಸತ್ತಿನ ತಾಲೀಮು ನಡೆದಿತ್ತು ಎನ್ನಬಹುದು.

1930ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಚರ್ಚಿಲ್ ಈ ದಿನಗಳಿಗೆಂದೇ ‘ಬೆಂಗಳೂರಿನಲ್ಲಿ ವಿದ್ಯಾಭ್ಯಾಸ’ ಎಂಬ ಅಧ್ಯಾಯ ಮೀಸಲಿಟ್ಟ. ಯಾವುದು ಏನೆಂದು ತಿಳಿಸಿಕೊಡುವ ವಿದ್ವಾಂಸರಿದ್ದ ಕಾಲೇಜು ಹುಡುಗರನ್ನು ನೆನೆದು ಅಸೂಯೆಪಟ್ಟದ್ದನ್ನೂ ಮುಚ್ಚಿಡಲಿಲ್ಲ. ಸ್ವಂತ ಹಸಿವಿನಿಂದ ಓದಿದವರೆಲ್ಲರಿಗೂ ಈ ಮಾತು ತಟ್ಟುತ್ತದೆ.

ಆದರೆ ಅಲ್ಲಿ ಹೆಸರಿಸಿದ ಪುಸ್ತಕಗಳಲ್ಲಿ ಈ ನೆಲದ್ದೊಂದೂ ಇಲ್ಲ. ಭಾರತವೂ ಅವನಿಗೆ ಸಿಕ್ಕಿದ್ದು ಮೆಕಾಲೆಯ ಮೂಲಕ, ಕ್ಲೈವ್ ಮತ್ತು ವಾರನ್ ಹೇಸ್ಟಿಂಗ್ಸ್ ಕುರಿತ ಪ್ರಬಂಧಗಳಲ್ಲಿ. ಹಿಂದೂಸ್ತಾನಿ ಕಲಿಯುವುದು ಅನಗತ್ಯವೆಂದು ತಾಯಿಗೆ ಬರೆದ. ಇನ್ನು ಕನ್ನಡದ ಮಾತೆಲ್ಲಿ? ದಂಡು ಬ್ರಿಟಿಷರ ಆಡಳಿತದಲ್ಲಿತ್ತು, ಪೇಟೆ ಮೈಸೂರು ಸಂಸ್ಥಾನದ್ದು. ಒಂದೇ ಊರಿನಲ್ಲಿ ಎರಡು ಊರು.

ಈ ಇನ್ನೊಂದು ಊರಿನಲ್ಲೂ ಆಗ ಭಾರಿ ಓದು ನಡೆದಿತ್ತು. ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷರಾದ ಬಿ.ಎಲ್. ರೈಸ್ ಅವರು ಶಾಸನಗಳನ್ನೂ ಓಲೆಗರಿಗಳನ್ನೂ ಓದುತ್ತಿದ್ದರು. ಚರ್ಚಿಲ್ ಇನ್ನೂ ಇದೇ ದಳದಲ್ಲಿದ್ದ 1898ರಲ್ಲೇ ರೈಸ್ ಸಂಪಾದಿಸಿದ ‘ಪಂಪಭಾರತ’ವೂ ಕೆ.ಬಿ. ಪಾಠಕರು ಸಂಪಾದಿಸಿದ ‘ಕವಿರಾಜಮಾರ್ಗ’ವೂ ಮೈಸೂರು ಸರ್ಕಾರದ ಗ್ರಂಥಮಾಲೆಯಲ್ಲಿ ಅಚ್ಚಾದವು. ಸಾವಿರ ವರ್ಷದ ಹಿಂದಿನ ಕನ್ನಡ ಹೊಸದಾಗಿ ಕಣ್ಣು ಬಿಟ್ಟ ವರ್ಷವದು. ಗಿಬ್ಬನ್ನನ ರೋಮಿಗೆ ಹೋಲಿಸಬಹುದಾದ ಚಾಲುಕ್ಯರು, ರಾಷ್ಟ್ರಕೂಟರು ಪಕ್ಕದ ಬೀದಿಯಲ್ಲೇ ಇದ್ದರು.

ಈ ಕೊರತೆ ಬರೀ ಪುಸ್ತಕದ ಕಪಾಟಿನದಾಗಿದ್ದರೆ ಹೆಚ್ಚು ಹೇಳಬೇಕಾಗಿರಲಿಲ್ಲ. ಆತ್ಮಕಥೆ ಹೊರಬಂದ ಕೆಲವೇ ತಿಂಗಳಲ್ಲಿ, 1931ರ ಜನವರಿಯಲ್ಲಿ, ಭಾರತಕ್ಕೆ ಸ್ವಯಮಾಡಳಿತ ಕೊಡುವುದನ್ನು ವಿರೋಧಿಸಿ ಚರ್ಚಿಲ್ ತನ್ನ ಪಕ್ಷದ ನಾಯಕರ ಕೂಟದಿಂದಲೇ ಹೊರನಡೆದ. 1943ರಲ್ಲಿ ಬಂಗಾಳದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರೆಂದು ಅಂದಾಜು. ಆಗ ಬ್ರಿಟನ್ನಿನ ಪ್ರಧಾನಿಯಾಗಿದ್ದವನು ಇದೇ ಓದುಗ. ಭಾರತಕ್ಕೆ ಧಾನ್ಯದ ಹಡಗು ಬೇಕೆಂಬ ಮೊರೆಗಳು ಬಂದಾಗ ಅವನ ಯುದ್ಧ ಸಂಪುಟ ಕೇಳಿದಷ್ಟು ಕೊಡಲಿಲ್ಲ. ಹತ್ತು ವರ್ಷದ ನಂತರ, 1953ರಲ್ಲಿ, ಸಾಹಿತ್ಯಕ್ಕಾಗಿ ನೊಬೆಲ್ ಬಹುಮಾನ ಬಂತು.