ಕರೆದರೆ ಓಗೊಡದ ‘ಸಮ್’

ಮೇಗರವಳ್ಳಿಯ ನಮ್ಮ ಮನೆಯಲ್ಲಿ ಅಡಿಕೆ ಸುಲಿತ ಶುರುವಾದರೆ ಶನಿವಾರ ಸಂಜೆ ಲೆಕ್ಕದ ಹೊತ್ತು. ಯಾರು ಎಷ್ಟು ಡಬ್ಬ ಸುಲಿದರೆಂದು ಅಪ್ಪಯ್ಯ ದಿನಾ ಬರೆದಿಟ್ಟಿರುತ್ತಾರೆ. ಕೂಡಿಸಿ ದುಡ್ಡು ಕೊಡಬೇಕು. ಊರಿಂದಲೇ ಕೆಲಸ ಮಾಡುತ್ತಿದ್ದ ನಾನು, “ಇದಕ್ಕೆ ಪೈಥಾನ್‌ನಲ್ಲಿ ನಾಲ್ಕು ಸಾಲು ಸಾಕು” ಎಂದು ಜಂಬ ಕೊಚ್ಚಿದೆ.

ಮೊದಲು ‘ಸಮ್ = 0’ ಎಂದು ಬರೆದು ಒಂದೊಂದೇ ಡಬ್ಬ ಕೂಡಿಸಿದೆ. ಸರಿಯಾಗೇ ಬಂತು. ಆಮೇಲೆ, ಪೈಥಾನ್‌ನಲ್ಲಿ ಕೂಡಿಸೋಕೆ ‘ಸಮ್’ ಅನ್ನೋ ಫಂಕ್ಷನ್ನೇ ಇದೆಯಲ್ಲ ಎಂದು ‘ಸಮ್(ಡಬ್ಬಗಳು)’ ಎಂದು ಬರೆದೆ. ಬಂತು ನೋಡಿ: ‘ಇಂಟ್ ಆಬ್ಜೆಕ್ಟ್ ಈಸ್ ನಾಟ್ ಕಾಲಬಲ್’. ಹಳೇ ಸಾಲು ಅಳಿಸಿದೆ. ಆದರೂ ಅದೇ ಎರರ್! ಜಗಲಿಯಲ್ಲಿ ಸುಲಿಯುವ ಹೆಂಗಸರು ಮೆಟ್ಟುಗತ್ತಿ ಬದಿಗಿಟ್ಟು ಕಾಯುತ್ತಿದ್ದರು. “ಕೊನೇ ಬಸ್ಸು ಹೋಗತ್ತೆ ತಮ್ಮಾ” ಎಂದರು ಒಬ್ಬರು. ಅಷ್ಟರಲ್ಲಿ ಕರೆಂಟೂ ಹೋಯಿತು. ಅಪ್ಪಯ್ಯ ಮಾತಾಡದೆ ಟಾರ್ಚ್ ಬೆಳಕಲ್ಲಿ ಪೆನ್ಸಿಲ್ ಹಿಡಿದು ಕೂಡಿಸಿ ದುಡ್ಡು ಕೊಟ್ಟು ಕಳಿಸಿದರು.

ರಾತ್ರಿ ಕರೆಂಟು ಬಂದ ಮೇಲೆ ಕಂಪ್ಯೂಟರ್ ಹಾಕಿದರೆ, ಅದೇ ಪ್ರೋಗ್ರಾಂ ಒಂದಕ್ಷರ ಬದಲಿಸದೆ ಓಡಿತು! ಆಗ ತಲೆಗೆ ಹೊಳೆಯಿತು. ಹೆಸರಿನ ಮುಂದೆ ಆವರಣ ಹಾಕಿದರೆ ‘ಈ ಕೆಲಸ ಮಾಡು’ ಎಂದು ಕರೆದಂತೆ. ಆದರೆ ನಾನು ‘ಸಮ್’ ಹೆಸರನ್ನು ಒಂದು ಸಂಖ್ಯೆಗೆ ಕೊಟ್ಟುಬಿಟ್ಟಿದ್ದೆ. ಕೊನೆಗಾರನ ಹೆಸರನ್ನು ಕರುವಿಗಿಟ್ಟು, ಆ ಹೆಸರು ಹಿಡಿದು ಮರ ಹತ್ತು ಎಂದ ಹಾಗೆ. ನಾನು ಬಳಸುತ್ತಿದ್ದ ಜೂಪಿಟರ್ ನೋಟ್‌ಬುಕ್‌ನಲ್ಲಿ ಸಾಲು ಅಳಿಸಿದರೂ ಒಮ್ಮೆ ಇಟ್ಟ ಹೆಸರು ನೆನಪಿನಲ್ಲಿ ಉಳಿದಿರುತ್ತದೆ. ಕರ್ನಲ್ ರೀಸ್ಟಾರ್ಟ್ ಮಾಡಬೇಕು, ಇಲ್ಲವೇ ‘ಡೆಲ್ ಸಮ್’ ಎಂದು ಆ ಹೆಸರನ್ನು ತೆಗೆಯಬೇಕು. ಕರೆಂಟು ಹೋಗಿ ಆ ಕೆಲಸ ತಾನಾಗೇ ಆಗಿತ್ತು. ‘ಲಿಸ್ಟ್’, ‘ಮ್ಯಾಕ್ಸ್’, ‘ಎಸ್‌ಟಿಆರ್’ ಹೆಸರುಗಳಲ್ಲೂ ಇದೇ ಪಜೀತಿ. ಶಾಲೆಯ ಬೀಜಗಣಿತದ ಅಭ್ಯಾಸದಲ್ಲಿ ನಡುವೆ ಗುಣಾಕಾರದ ನಕ್ಷತ್ರ ಚಿಹ್ನೆ ಬಿಟ್ಟು ‘ದರ(ಡಬ್ಬ)’ ಎಂದು ಬರೆದರೂ ಇದೇ ಎರರ್.

2008ರಲ್ಲಿ ಬಂದ ಪೈಥಾನ್ 3ರಿಂದ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಹಾಗಾಗಿ ‘ಒಟ್ಟು’ ಎಂದೇ ಇಟ್ಟೆ. ಮರುವಾರ ಲೆಕ್ಕ ಅದರಲ್ಲೇ ಆಯಿತು. ಅಪ್ಪಯ್ಯ ಮಾತ್ರ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡೇ ಕೂತಿದ್ದರು.