ಅರೇಯಲ್ಲಿ ಹುಡುಕೋಕೆ ಯಾವ ಮೆಥಡ್?

ಜಾವಾಸ್ಕ್ರಿಪ್ಟ್‌ನಲ್ಲಿ ಅರೇ ಒಳಗೆ ಏನಾದ್ರೂ ಹುಡುಕಬೇಕು ಅಂದ್ರೆ ನಮ್ಮಲ್ಲಿ ಬಹಳ ಜನ ಮೊದಲು ಬರೆಯೋದು ಇಂಡೆಕ್ಸ್‌ಆಫ್. ಅದು ಕೊಡೋದು ಜಾಗದ ನಂಬರ್, ಸಿಗದಿದ್ರೆ -1. ಈಗ ಫೆಸ್ಟ್‌ಗೆ ಹೆಸರು ಕೊಟ್ಟವರ ಯುಎಸ್‌ಎನ್‌ಗಳ ಒಂದು ಅರೇ ಇದೆ ಅಂದ್ಕೊಳ್ಳಿ. ಗೇಟ್‌ನಲ್ಲಿ ಚೆಕ್ ಮಾಡೋ ಕೋಡ್ ಇಂಡೆಕ್ಸ್‌ಆಫ್‌ನ ಉತ್ತರವನ್ನ ನೇರವಾಗಿ ಇಫ್ ಒಳಗೆ ಹಾಕಿದ್ರೆ? ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವರ ಜಾಗ 0. ಇಫ್ ಒಳಗೆ 0 ಅಂದ್ರೆ ಸುಳ್ಳು, -1 ಅಂದ್ರೆ ನಿಜ. ಪಾಪ, ಮೊದಲು ಬಂದವರು ಹೊರಗೆ, ಹೆಸರೇ ಕೊಡದವರೆಲ್ಲ ಒಳಗೆ! ಎರರ್ ಕೂಡ ಬರಲ್ಲ.

ಇದ್ಯಾ ಇಲ್ವಾ ಅಂತ ಮಾತ್ರ ಗೊತ್ತಾಗಬೇಕಿದ್ರೆ ಇಎಸ್2016ರಲ್ಲಿ ಬಂದ ಇನ್‌ಕ್ಲೂಡ್ಸ್ ಸಾಕು. ಅದರ ಉತ್ತರ ಟ್ರೂ ಅಥವಾ ಫಾಲ್ಸ್ ಅಷ್ಟೇ.

ಆದ್ರೆ ಅರೇಯಲ್ಲಿ ಹೆಸರು, ಬ್ರಾಂಚ್ ಎಲ್ಲ ಸೇರಿದ ಆಬ್ಜೆಕ್ಟ್‌ಗಳಿದ್ರೆ ಇನ್‌ಕ್ಲೂಡ್ಸ್ ಕೈಕೊಡುತ್ತೆ. ಅದೇ ವಿವರದ ಹೊಸ ಆಬ್ಜೆಕ್ಟ್ ಕೊಟ್ಟರೂ ಮೆಮೊರಿಯಲ್ಲಿ ಅದು ಬೇರೆಯದೇ, ಹಾಗಾಗಿ ಫಾಲ್ಸ್. ಇಲ್ಲಿ ಬೇಕಾಗಿರೋದು ಫೈಂಡ್. ನಾವು ಷರತ್ತನ್ನು ಒಂದು ಫಂಕ್ಷನ್ ಆಗಿ ಕೊಡ್ತೀವಿ, ಅದಕ್ಕೆ ಹೊಂದುವ ಮೊದಲ ಆಬ್ಜೆಕ್ಟನ್ನೇ ಅದು ತಂದುಕೊಡುತ್ತೆ. ಯಾವುದೂ ಹೊಂದದಿದ್ರೆ ಅನ್‌ಡಿಫೈನ್ಡ್. ಹೊಂದುವವರೆಲ್ಲ ಬೇಕಿದ್ರೆ ಫಿಲ್ಟರ್. ಒಬ್ಬರಿಗೋಸ್ಕರ ಫಿಲ್ಟರ್ ಮಾಡಿ ಸೊನ್ನೆ ಜಾಗದ್ದನ್ನು ಎತ್ತಿಕೊಳ್ಳೋದು ನಮಗಂತೂ ಇಷ್ಟವಿಲ್ಲ. ಫೈಂಡ್ ಸಿಕ್ಕ ಕೂಡಲೇ ನಿಲ್ಲುತ್ತೆ, ಫಿಲ್ಟರ್ ಕೊನೇವರೆಗೂ ಓಡುತ್ತೆ.

ಗೇಟ್‌ಗೆ ಸಾವಿರಾರು ಜನ ಬರ್ತಾರೆ ಅಂದ್ರೆ ಅರೇಯನ್ನೇ ಬಿಡೋಣ, ಯಾಕಂದ್ರೆ ಇನ್‌ಕ್ಲೂಡ್ಸ್ ಪ್ರತಿ ಸಲವೂ ಮೊದಲಿಂದ ಒಂದೊಂದೇ ನೋಡ್ಕೊಂಡು ಹೋಗುತ್ತೆ. ಯುಎಸ್‌ಎನ್‌ಗಳನ್ನು ಒಂದೇ ಸಲ ಸೆಟ್‌ಗೆ ಹಾಕಿಟ್ಟು, ಆಮೇಲೆ ಹ್ಯಾಸ್ ಮೆಥಡ್‌ನಿಂದ ಕೇಳಿ.