ಮನೆಯ ಇಂಟರ್ನೆಟ್ಟಿನ ಐಪಿ ವಿಳಾಸ ಬದಲಾಯಿಸುವ ಕ್ರಮ



ಕಳೆದ ಅಡಿಕೆ ಕೊಯ್ಲಿನ ಕಾಲದಲ್ಲಿ ಬಸರೀಕಟ್ಟೆ ಕಡೆಯ ಬೆಳೆಗಾರರೊಬ್ಬರು ಅಡಿಕೆ ಒಣಹಾಕುವ ಅಂಗಳಕ್ಕೆ ಕ್ಯಾಮೆರಾ ಹಾಕಿಸಿದರು. ಮನೆಯಲ್ಲಿದ್ದಾಗ ಫೋನಿನಲ್ಲಿ ಅಂಗಳ ಚೆನ್ನಾಗಿ ಕಾಣುತ್ತಿತ್ತು. ಕೊಪ್ಪಕ್ಕೆ ಹೋದೊಡನೆ ಏನೂ ಕಾಣುತ್ತಿರಲಿಲ್ಲ. "ಐಪಿ ವಿಳಾಸ ಬದಲಾಯಿಸಬೇಕು, ಎರಡು ಸಾವಿರ ಆಗುತ್ತದೆ" ಎಂದು ಕ್ಯಾಮೆರಾ ಹಾಕಿದವನು ಹೇಳಿದ. ಅವರು ಹಣ ಕೊಟ್ಟರು, ವಿಳಾಸವೂ ಬದಲಾಯಿತು. ಆದರೆ ಅಂಗಳ ಮಾತ್ರ ಕೊಪ್ಪದಿಂದ ಕಾಣಲಿಲ್ಲ. ವಿಳಾಸ ಬದಲಾಯಿಸುವುದು ಖರ್ಚಿಲ್ಲದ ಕೆಲಸ. ಆದರೆ ಎಲ್ಲ ತೊಂದರೆಗೂ ಅದು ಮದ್ದಲ್ಲ. ಈ ಎರಡು ಮಾತನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

ಐಪಿ ವಿಳಾಸ ಎಂದರೇನು?

ಕಾಗದ ಬರೆದವರಿಗೆ ಉತ್ತರ ಬರಬೇಕಾದರೆ ಅವರ ವಿಳಾಸ ಬೇಕು. ಫೋನಿನಲ್ಲಿ ಪಹಣಿ ನೋಡುವಾಗಲೂ ಅಡಿಕೆ ಧಾರಣೆ ನೋಡುವಾಗಲೂ ಹೀಗೆಯೇ. ಆ ಮಾಹಿತಿ ನಮ್ಮ ಮನೆಗೇ ಬಂದು ಸೇರಲು ಬೇಕಾದ ಸಂಖ್ಯೆಯೇ ಐಪಿ ವಿಳಾಸ. ಇದರಲ್ಲಿ ಚುಕ್ಕೆಯಿಟ್ಟು ಬರೆದ ನಾಲ್ಕು ಅಂಕಿಗಳಿರುತ್ತವೆ; ಪ್ರತಿಯೊಂದೂ 0ಯಿಂದ 255ರ ಒಳಗೆ ಇರುತ್ತದೆ. 1981ರಲ್ಲಿ ಗೊತ್ತುಮಾಡಿದ ಈ ಕ್ರಮದಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಪ್ರಪಂಚಕ್ಕೆಲ್ಲ ಹಂಚುವ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲಿ ಮುಗಿಯಿತು. ಅಕ್ಷರಗಳೂ ಸೇರಿದ ಉದ್ದನೆಯ ಹೊಸ ಬಗೆಯ ವಿಳಾಸಗಳೂ ಈಗ ಬಳಕೆಯಲ್ಲಿವೆ. ಆದರೂ ಹಳೆಯ ಬಗೆಯವು ಇನ್ನೂ ಬೇಕಾಗಿವೆ, ಅವಕ್ಕೆ ಅಭಾವವಿದೆ.

ಈ ಅಭಾವದಿಂದಾಗಿ ಕಂಪನಿಗಳು ಮೂರು ರೀತಿಯಲ್ಲಿ ವಿಳಾಸ ಕೊಡುತ್ತವೆ.

ಮೊದಲನೆಯದು ಬದಲಾಗುವ ವಿಳಾಸ. ಇದು ಸಂತೆಯಲ್ಲಿ ಕೂರುವ ಜಾಗದಂತೆ. ಈ ವಾರ ಕೂತಲ್ಲಿ ಮುಂದಿನ ವಾರ ಬೇರೆಯವರು ಕೂರಬಹುದು.

ಎರಡನೆಯದು ಸ್ಥಿರ ವಿಳಾಸ. ಇದು ಸ್ವಂತ ಅಂಗಡಿಯಂತೆ, ಬದಲಾಗುವುದಿಲ್ಲ. ಸಾಮಾನ್ಯವಾಗಿ ಇದಕ್ಕೆ ಬೇರೆ ಶುಲ್ಕವಿರುತ್ತದೆ.

ಮೂರನೆಯದು ಹಂಚಿಕೆಯ ವಿಳಾಸ. ಇದಕ್ಕೆ ಕಾಫಿ ತೋಟದ ಲೈನು ಮನೆಗಳ ಉದಾಹರಣೆ ಕೊಡಬಹುದು. ಎಲ್ಲ ಮನೆಗಳಿಗೂ ತೋಟದ ಆಫೀಸೇ ವಿಳಾಸ. ಯಾರು ಯಾರಿಗೆ ಕಾಗದ ಬರೆದರೆಂದು ರೈಟರು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಉತ್ತರ ಬಂದಾಗ ಆಯಾ ಮನೆಗೆ ಕೊಡುತ್ತಾರೆ. ಆದರೆ ಯಾರೂ ಬರೆಯದೆಯೇ ಹೊರಗಿನಿಂದ ಹೆಸರಿಲ್ಲದ ಕಾಗದ ಬಂದರೆ ಅದು ಯಾವ ಮನೆಗೆಂದು ರೈಟರಿಗೆ ತಿಳಿಯದು. ನಮ್ಮ ಬೆಳೆಗಾರರಿಗೆ ಆದದ್ದೂ ಇದೇ. ಕೊಪ್ಪದಿಂದ ಅವರ ಫೋನು ಕೂಗಿದ್ದು ತೋಟದ ಆಫೀಸಿನವರೆಗೆ ಬಂತು, ಅಂಗಳದ ಕ್ಯಾಮೆರಾಕ್ಕೆ ಮುಟ್ಟಲಿಲ್ಲ. ಬದಲಾಯಿಸಿ ಕೊಟ್ಟ ವಿಳಾಸವೂ ಹಂಚಿಕೆಯದೇ ಆಗಿತ್ತು.

ಬದಲಾಯಿಸುವ ಕ್ರಮ

1. ಫೋನಿನ ಮೊಬೈಲ್ ಡೇಟಾ ನಿಲ್ಲಿಸಿ, ಮನೆಯ ವೈಫೈಗೆ ಜೋಡಿಸಿರಿ. ಗೂಗಲ್‌ನಲ್ಲಿ 'ನನ್ನ ಐಪಿ ವಿಳಾಸ' ಎಂದು ಹುಡುಕಿ, ಅದನ್ನು ತೋರಿಸುವ ಪುಟವೊಂದನ್ನು ತೆರೆಯಿರಿ. ಕಂಡ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ.

2. ರೂಟರಿನ ಸ್ವಿಚ್ಚು ಆರಿಸಿರಿ. ಫೈಬರ್ ಪೆಟ್ಟಿಗೆ ಬೇರೆಯಾಗಿದ್ದರೆ ಅದನ್ನೂ ಆರಿಸಿರಿ.

3. ಹತ್ತು ನಿಮಿಷ ಬಿಟ್ಟು ಹಾಕಿ, ಸಂಖ್ಯೆಯನ್ನು ಮತ್ತೆ ನೋಡಿರಿ. ಕೆಲವು ಕಂಪನಿಗಳಲ್ಲಿ ಇಷ್ಟಕ್ಕೇ ಬದಲಾಗುತ್ತದೆ. ಕೆಲವರು ಹಳೆಯ ಸಂಖ್ಯೆಯನ್ನು ಗೊತ್ತಾದ ಅವಧಿಯವರೆಗೆ ನಮ್ಮ ಹೆಸರಿಗೇ ಕಾದಿರಿಸುತ್ತಾರೆ. ಅಂಥಲ್ಲಿ ರಾತ್ರಿಯಿಡೀ ಆರಿಸಿಟ್ಟು ನೋಡಬೇಕು.

4. ಆಗಲೂ ಬದಲಾಗದಿದ್ದರೆ ಕಂಪನಿಯವರಿಗೆ ಫೋನು ಮಾಡಿ ಕೇಳಿರಿ.

ನಮ್ಮ ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಈ ಕೆಲಸವನ್ನು ಮರಗಳೇ ಮಾಡಿಕೊಡುತ್ತವೆ. ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಗಿ ಬಂದಾಗ ಎಷ್ಟೋ ಮನೆಗಳ ವಿಳಾಸ ತಾನಾಗಿಯೇ ಬದಲಾಗಿರುತ್ತದೆ!

ಒಂದು ಎಚ್ಚರಿಕೆ. ರೂಟರಿನ ಹಿಂದೆ ಸೂಜಿ ಹಾಕಿ ಒತ್ತುವ ಸಣ್ಣ ತೂತು ಇರುತ್ತದೆ. ಅದನ್ನು ಒತ್ತಬಾರದು. ಒತ್ತಿದರೆ ಕಂಪನಿಯವರು ತುಂಬಿಸಿದ ಹೆಸರು, ಗುಪ್ತಪದ ಎಲ್ಲವೂ ಅಳಿಸಿಹೋಗಬಹುದು. ಆಮೇಲೆ ಲೈನಿನವರು ಬರುವ ತನಕ ಇಂಟರ್ನೆಟ್ಟೇ ಇರುವುದಿಲ್ಲ.

ಇನ್ನೊಂದು ಮಾತು. ಫೋನಿನ ಸೆಟ್ಟಿಂಗಿನಲ್ಲಿ ಸಾಮಾನ್ಯವಾಗಿ 192.168 ಎಂದು ಆರಂಭವಾಗುವ ಸಂಖ್ಯೆ ಕಾಣುತ್ತದೆ. ಅದು ಮನೆಯೊಳಗಿನ ಗುರುತು ಮಾತ್ರ. ಅದನ್ನು ತಿದ್ದಿದರೆ ಹೊರಗಿನ ವಿಳಾಸ ಬದಲಾಗುವುದಿಲ್ಲ.

ನಮ್ಮದು ಹಂಚಿಕೆಯದೇ ಎಂದು ತಿಳಿಯುವುದು ಹೇಗೆ?

ರೂಟರಿನ ಪುಟದಲ್ಲಿ 'ವ್ಯಾನ್ ಐಪಿ' ಎಂಬ ಸಂಖ್ಯೆ ಇರುತ್ತದೆ. ಇದು ಹೊರಗೆ ಕಂಡ ಸಂಖ್ಯೆಗೆ ತಾಳೆಯಾಗದಿದ್ದರೆ ಸಾಮಾನ್ಯವಾಗಿ ನಮ್ಮದು ಹಂಚಿಕೆಯ ವಿಳಾಸ. 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾದರಂತೂ ಸಂಶಯವೇ ಬೇಡ. ಆ ಸಂಖ್ಯೆಗಳನ್ನು 2012ರಲ್ಲಿ ಇದೇ ಉದ್ದೇಶಕ್ಕೆ ಮೀಸಲಿಡಲಾಗಿದೆ.

ಬದಲಾಯಿಸಿದರೆ ಪ್ರಯೋಜನವೇನು?

"ಈ ವಿಳಾಸದಿಂದ ಬಹಳ ಸಲ ಪ್ರಯತ್ನವಾಗಿದೆ" ಎಂದು ಯಾವುದಾದರೂ ಪುಟ ಬಾಗಿಲು ಹಾಕಿದಾಗ ಪ್ರಯೋಜನವಾಗಬಹುದು. ಹಂಚಿಕೆಯ ವಿಳಾಸವಾದರೆ ನೆರೆಯವರು ಮಾಡಿದ್ದಕ್ಕೂ ನಮಗೆ ಬಾಗಿಲು ಮುಚ್ಚಬಹುದು. ಕೆಲವು ಗಂಟೆ ಕಾದರೂ ಸರಿಹೋಗುವುದುಂಟು.

ಇಂಟರ್ನೆಟ್ಟು ನಿಧಾನವಾಗಿದ್ದರೆ ವಿಳಾಸ ಬದಲಾಯಿಸಿ ಫಲವಿಲ್ಲ. ಫೈಬರ್ ಎಲ್ಲಿಯಾದರೂ ಮಡಚಿದೆಯೇ, ರೂಟರು ಗೋಡೆಯ ಮರೆಯಲ್ಲಿದೆಯೇ ನೋಡಿರಿ.

ಕ್ಯಾಮೆರಾ ದೂರದಿಂದ ಕಾಣಬೇಕಾದರೆ ಎರಡು ದಾರಿಗಳಿವೆ. ಕ್ಯಾಮೆರಾ ತಯಾರಿಸಿದವರ ಆ್ಯಪ್ ಬಳಸುವುದು ಒಂದು. ಆಗ ಕ್ಯಾಮೆರಾ ತಾನೇ ಹೊರಗೆ ಕಾಗದ ಬರೆದಂತಾಗಿ, ಉತ್ತರ ಬರಲು ಅಡ್ಡಿಯಿರುವುದಿಲ್ಲ. ಕಂಪನಿಯಿಂದ ಸ್ಥಿರ ವಿಳಾಸ ಪಡೆಯುವುದು ಇನ್ನೊಂದು. ನಮ್ಮ ಬೆಳೆಗಾರರು ಮೊದಲನೆಯ ದಾರಿ ಹಿಡಿದರು. ಈಗ ಕೊಪ್ಪದಲ್ಲಿ ಕೂತೇ ಅಂಗಳ ನೋಡುತ್ತಾರೆ. ಯಾವ ದಾರಿಯಾದರೂ ಕ್ಯಾಮೆರಾದ ಜೊತೆ ಬಂದ ಗುಪ್ತಪದವನ್ನು ಮೊದಲು ಬದಲಾಯಿಸತಕ್ಕದ್ದು. ಇಲ್ಲದಿದ್ದರೆ ಕಳ್ಳನೂ ಅಂಗಳ ನೋಡಬಹುದು.

ವಿಳಾಸ ಬದಲಾಯಿಸಿದರೆ ಗುರುತು ಸಿಗದೆಂದು ಯಾರೂ ಭಾವಿಸಬಾರದು. ಯಾವ ಹೊತ್ತಿನಲ್ಲಿ ಯಾವ ವಿಳಾಸ ಯಾರಲ್ಲಿತ್ತೆಂಬ ಲೆಕ್ಕ ಕಂಪನಿಯಲ್ಲಿರುತ್ತದೆ.

ಮೋಸದ ಕರೆಗಳು

"ನಿಮ್ಮ ಐಪಿ ವಿಳಾಸದಿಂದ ಅಪರಾಧ ನಡೆದಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಹಣ ಕಟ್ಟಿ" ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿರಿ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಫೋನು ಇಟ್ಟುಬಿಡಿರಿ. ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ಒಡನೆಯೇ 1930ಕ್ಕೆ ಕರೆ ಮಾಡಿ ದೂರು ಕೊಡಿರಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮುಂದೆ ಯಾರಾದರೂ "ಐಪಿ ಬದಲಾಯಿಸಬೇಕು, ಇಷ್ಟು ಹಣ ಕೊಡಿ" ಎಂದರೆ ಮೊದಲು ಮನೆಯ ಸ್ವಿಚ್ಚು ಆರಿಸಿ ನೋಡಿರಿ. ಅದಕ್ಕೆ ಹಣ ಬೇಕಿಲ್ಲ. ಸಂಶಯವಿದ್ದವರು ನಾನು ಊರಿಗೆ ಬಂದಾಗ ರೂಟರಿನ ಬಳಿಗೇ ಕರೆದೊಯ್ದು ಕೇಳಬಹುದು.